ಉದ್ಯಮಿಗೆ ಬೇಕಾದ ಇಂಗ್ಲಿಷ್: ತರಗತಿಯಲ್ಲಿ ಕಲಿಸಬೇಕಾದುದೇನು?

ಸಣ್ಣ ಕೈಗಾರಿಕೆಗಳ ಸಮಸ್ಯೆಗಳನ್ನು ಪಟ್ಟಿ ಮಾಡುವಾಗ ಬಂಡವಾಳ, ವಿದ್ಯುತ್, ಕಚ್ಚಾ ಸಾಮಗ್ರಿಯ ಬೆಲೆ, ಕುಶಲ ಕಾರ್ಮಿಕರ ಕೊರತೆ, ತಡವಾಗಿ ಬರುವ ಪಾವತಿ ಇವೆಲ್ಲ ತಪ್ಪದೆ ಸೇರುತ್ತವೆ. ಭಾಷೆ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಪೀಣ್ಯದ ಯಂತ್ರಭಾಗ ತಯಾರಕನಿರಲಿ, ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯ ಮಾಲೀಕನಿರಲಿ, ಮಂಗಳೂರಿನ ಗೋಡಂಬಿ ರಫ್ತುದಾರನಿರಲಿ, ವ್ಯವಹಾರದ ಮಾತುಕತೆ ಕನ್ನಡದಲ್ಲೋ ತುಳುವಿನಲ್ಲೋ ಹಿಂದಿಯಲ್ಲೋ ಮರಾಠಿಯಲ್ಲೋ ಮುಗಿದುಹೋಗುತ್ತದೆ. ಆದರೆ ಹೊಣೆಗಾರಿಕೆಯನ್ನು ಗೊತ್ತುಪಡಿಸುವ ಕಾಗದಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಪರ್ಚೇಸ್ ಆರ್ಡರ್, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ವಿಮಾ ಪಾಲಿಸಿ, ಇನ್‌ಸ್ಪೆಕ್ಷನ್ ವರದಿ, ಲೆಟರ್ ಆಫ್ ಕ್ರೆಡಿಟ್ ಮುಂತಾದವುಗಳಿಗೆ ಸಹಿ ಹಾಕುವವನು ಮಾಲೀಕ. ಅವುಗಳನ್ನು ಓದಿ ಅರ್ಥ ಹೇಳುವವನು ಗುಮಾಸ್ತನೋ ಏಜೆಂಟನೋ ಲೆಕ್ಕಪರಿಶೋಧಕನೋ ಆಗಿರುತ್ತಾನೆ. ಓದುವವನೊಬ್ಬ, ಹೊಣೆ ಹೊರುವವನೊಬ್ಬ ಎಂಬ ಈ ಸ್ಥಿತಿ ಯಾವ ಉದ್ದಿಮೆಗೂ ಕ್ಷೇಮವಲ್ಲ.

ಆದುದರಿಂದ ಉದ್ಯಮಿಗಳಿಗೂ ಅವರ ಸಿಬ್ಬಂದಿಗೂ ಇಂಗ್ಲಿಷ್ ತರಗತಿಗಳು ಬೇಕೆಂಬ ಮಾತು ಕೇಳಿಬರುವುದು ಸಹಜವೇ ಆಗಿದೆ. ಇಂತಹ ತರಗತಿಗಳು ಊರೂರಿನಲ್ಲಿ ನಡೆಯುತ್ತಲೂ ಇವೆ. ಆದರೆ ಅಲ್ಲಿ ಕಲಿಸುವ ಇಂಗ್ಲಿಷಿಗೂ ಉದ್ಯಮಿಗೆ ಬೇಕಾದ ಇಂಗ್ಲಿಷಿಗೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ತುಂಬುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳೇ ಕೈಗೆತ್ತಿಕೊಳ್ಳುವುದು ಈಗ ಅಗತ್ಯವಾಗಿದೆ.

ಈಗಿನ ತರಗತಿಗಳ ಸ್ವರೂಪ

ಸದ್ಯ ದೊರೆಯುವ ತರಗತಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಶಾಲಾ ಪದ್ಧತಿಯದು. ರೆನ್ ಮತ್ತು ಮಾರ್ಟಿನ್ ಅವರ ಪ್ರಸಿದ್ಧ ವ್ಯಾಕರಣ ಗ್ರಂಥ ಬಂದದ್ದು 1930ರ ದಶಕದಲ್ಲಿ. ಆ ಗ್ರಂಥದ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಿಸುವುದು, ವಾಕ್ಯವನ್ನು ಅಂಗಾಂಗಗಳಾಗಿ ಬಿಡಿಸುವುದು ಮುಂತಾದ ಅಭ್ಯಾಸಗಳು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗೆ ಹೊಂದುತ್ತವೆಯೇ ಹೊರತು ದಿನವಿಡೀ ಅಂಗಡಿಯಲ್ಲಿ ದುಡಿದು ಸಂಜೆ ಏಳಕ್ಕೆ ತರಗತಿಗೆ ಬರುವ ನಲವತ್ತೈದರ ವರ್ತಕನಿಗೆ ಹೊಂದುವುದಿಲ್ಲ. ಎರಡನೆಯದು 'ಸ್ಪೋಕನ್ ಇಂಗ್ಲಿಷ್' ಎಂದು ಪ್ರಚಾರ ಪಡೆದ ಪದ್ಧತಿ. ಅಲ್ಲಿ ಸ್ವಪರಿಚಯ, ಸಂದರ್ಶನದ ಉತ್ತರಗಳು, ಉಚ್ಚಾರಣೆಯ ನಯ, ವೇದಿಕೆಯ ಅಂಜಿಕೆ ಬಿಡುವುದು ಇವುಗಳಿಗೆ ಪ್ರಾಶಸ್ತ್ಯ. ಕೆಲಸ ಹುಡುಕುವ ಯುವಕನಿಗೆ ಇದು ಉಪಯುಕ್ತ. ಆದರೆ ಬಂದ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಷರತ್ತುಗಳನ್ನು ಓದಲು ಇವೆರಡೂ ಬಗೆಯ ತರಗತಿಗಳು ಕಲಿಸುವುದಿಲ್ಲ.

ಇನ್ನೊಂದು ಅಡ್ಡಿ ಮನಸ್ಸಿಗೆ ಸಂಬಂಧಿಸಿದ್ದು. ಕರ್ನಾಟಕದ ವರ್ತಕನಿಗೆ ಪರಭಾಷೆ ಹೊಸದಲ್ಲ. ಬೆಳಗಾವಿಯವನಿಗೆ ಮರಾಠಿ, ಬಳ್ಳಾರಿಯವನಿಗೆ ತೆಲುಗು, ಮಂಗಳೂರಿನವನಿಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳು ಸಲೀಸು. ಅವುಗಳನ್ನು ಕಲಿಯುವಾಗ ತಪ್ಪು ಮಾತನಾಡಲು ಯಾರೂ ನಾಚಿದವರಲ್ಲ. ಗಿರಾಕಿ ನಕ್ಕರೆ ಜೊತೆಗೆ ನಕ್ಕು ಮುಂದೆ ಸಾಗಿದವರು. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಅದೇ ವರ್ತಕ ಬಾಯಿ ಕಟ್ಟಿಕೊಳ್ಳುತ್ತಾನೆ. ಇಂಗ್ಲಿಷನ್ನು ಒಂದು ಸಲಕರಣೆಯೆಂದು ಕಾಣದೆ ಅಂತಸ್ತಿನ ಗುರುತೆಂದು ಕಂಡಿರುವುದೇ ಇದಕ್ಕೆ ಕಾರಣ. ಕನ್ನಡ ಮಾಧ್ಯಮದಲ್ಲಿ ಓದಿ ಐದನೆಯ ತರಗತಿಯಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಅಕ್ಷರ ಕಂಡ ಪೀಳಿಗೆಯೇ ಇಂದು ಬಹಳಷ್ಟು ಸಣ್ಣ ಉದ್ದಿಮೆಗಳನ್ನು ನಡೆಸುತ್ತಿದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಆರಂಭಿಸಿದ್ದು 2007ರಲ್ಲಿ. ಆ ಸೌಲಭ್ಯದ ಫಲ ಮುಂದಿನ ಪೀಳಿಗೆಗೆ ಸಲ್ಲುವಂಥದು. ಈಗ ವ್ಯವಹಾರ ನಡೆಸುತ್ತಿರುವವರಿಗೆ ಬೇರೆಯೇ ಏರ್ಪಾಡು ಆಗಬೇಕಾಗಿದೆ.

ವಿಭಕ್ತಿಯ ಜಾಗದಲ್ಲಿ ಉಪಸರ್ಗ: ಒಂದು ದಿನದ ಬೆಲೆ

ವ್ಯಾಕರಣವೆಂದರೆ ನೀರಸ ವಿಷಯವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ವ್ಯವಹಾರದ ಪತ್ರಗಳಲ್ಲಿ ಹಣ ನಿಂತಿರುವುದು ಅನೇಕ ಸಲ ವ್ಯಾಕರಣದ ಮೇಲೆಯೇ. ಕನ್ನಡದಲ್ಲಿ ನಾಮಪದದ ನಂತರ ಸೇರುವ ವಿಭಕ್ತಿ ಪ್ರತ್ಯಯ ಅಥವಾ ಅವ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ನಾಮಪದದ ಮುಂದೆ ನಿಲ್ಲುವ ಚಿಕ್ಕ ಪದಗಳು ಮಾಡುತ್ತವೆ. ಕನ್ನಡಿಗರು ಹೆಚ್ಚಾಗಿ ಎಡವುವುದು ಇಲ್ಲಿಯೇ.

'ಜೂನ್ 15ರ ಒಳಗೆ ಸರಕು ಕಳುಹಿಸುತ್ತೇವೆ', 'ಜೂನ್ 15ರ ವರೆಗೆ ಸರಕು ಕಳುಹಿಸುತ್ತೇವೆ' ಎಂಬ ಎರಡು ವಾಕ್ಯಗಳ ವ್ಯತ್ಯಾಸ ಯಾವ ಕನ್ನಡಿಗನಿಗೂ ಗೊತ್ತು. ಮೊದಲನೆಯದು ಗಡುವು, ಎರಡನೆಯದು ಆ ದಿನದ ತನಕ ಮುಂದುವರಿಯುವ ಸರಬರಾಜು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಬೈ', ಎರಡನೆಯದಕ್ಕೆ 'ಅನ್‌ಟಿಲ್' ಬಳಸಬೇಕು. ಆದರೆ 'ಒಳಗೆ' ಎಂಬುದನ್ನು ಪದಶಃ ಅನುವಾದಿಸಿ 'ವಿದಿನ್ 15 ಜೂನ್' ಎಂದು ಬರೆಯುವ ರೂಢಿ ಬೆಳೆದಿದೆ. 'ವಿದಿನ್' ಎಂಬುದು ಅವಧಿಗೆ ಹೊಂದುವ ಪದ. 'ವಿದಿನ್ 15 ಡೇಸ್' ಎಂದರೆ ಸರಿ, ತಾರೀಖಿನೊಂದಿಗೆ ಬಂದರೆ ಗೊಂದಲ. ಮತ್ತೆ ಕೆಲವರು 'ಬಿಫೋರ್ 15 ಜೂನ್' ಎಂದು ಬರೆಯುತ್ತಾರೆ. ಹಾಗೆ ಬರೆದಾಗ 15ನೆಯ ತಾರೀಖೇ ಕೈಬಿಟ್ಟುಹೋಗುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯು ಲೆಟರ್ ಆಫ್ ಕ್ರೆಡಿಟ್ ವ್ಯವಹಾರಕ್ಕಾಗಿ ರೂಪಿಸಿದ, 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿಯ ಮೂರನೆಯ ವಿಧಿಯಲ್ಲಿ ಈ ಚಿಕ್ಕ ಪದಗಳ ಅರ್ಥವನ್ನೇ ಗೊತ್ತುಪಡಿಸಲಾಗಿದೆ. ಸರಕು ರವಾನೆಯ ಅವಧಿಯನ್ನು ಹೇಳುವಾಗ 'ಟು', 'ಅನ್‌ಟಿಲ್', 'ಟಿಲ್', 'ಫ್ರಂ', 'ಬಿಟ್ವೀನ್' ಎಂಬ ಪದಗಳು ನಮೂದಿಸಿದ ತಾರೀಖನ್ನು ಒಳಗೊಳ್ಳುತ್ತವೆ. 'ಬಿಫೋರ್' ಮತ್ತು 'ಆಫ್ಟರ್' ಎಂಬುವು ಅದನ್ನು ಹೊರಗಿಡುತ್ತವೆ. ಅದೇ 'ಫ್ರಂ' ಎಂಬ ಪದ ಹುಂಡಿಯ ವಾಯಿದೆಯನ್ನು ಎಣಿಸುವಾಗ ಬಂದರೆ ನಮೂದಿಸಿದ ತಾರೀಖು ಲೆಕ್ಕಕ್ಕೆ ಸೇರುವುದಿಲ್ಲ. 'ಆನ್ ಆರ್ ಅಬೌಟ್' ಎಂದಿದ್ದರೆ ಆ ತಾರೀಖಿನ ಹಿಂದಿನ ಐದು ದಿನಗಳಿಂದ ಮುಂದಿನ ಐದು ದಿನಗಳವರೆಗೆ ಅವಕಾಶವಿದೆ. 'ಅಬೌಟ್ 10 ಟನ್' ಎಂದರೆ ಮೂವತ್ತನೆಯ ವಿಧಿಯಂತೆ ಶೇ. 10ರಷ್ಟು ಹೆಚ್ಚು ಅಥವಾ ಕಡಿಮೆ, ಅಂದರೆ 9ರಿಂದ 11 ಟನ್. ಆದರೆ ಆ ರಿಯಾಯಿತಿ 'ಅಬೌಟ್' ಪದ ಯಾವುದರೊಂದಿಗೆ ಬಂದಿದೆಯೋ ಅದಕ್ಕೆ ಮಾತ್ರ. ಪ್ರಮಾಣದೊಂದಿಗೆ ಬಂದು ಮೊತ್ತದೊಂದಿಗೆ ಬಾರದಿದ್ದರೆ 11 ಟನ್ ಕಳುಹಿಸಿದವನಿಗೂ ಕ್ರೆಡಿಟ್‌ನಲ್ಲಿ ನಮೂದಾದ ಮೊತ್ತಕ್ಕಿಂತ ಹೆಚ್ಚು ಹಣ ದೊರೆಯದು. 'ಸುಮಾರು' ಎಂಬ ಪದವನ್ನು ಕನ್ನಡದಲ್ಲಿ ಧಾರಾಳವಾಗಿ ಬಳಸುವ ರಫ್ತುದಾರ ಇದನ್ನು ಅರಿತಿರಬೇಕು.

ದೇಶದೊಳಗಿನ ವ್ಯವಹಾರದಲ್ಲಿಯೂ ಇದೇ ಬಗೆಯ ಎಣಿಕೆಯಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಒಂಬತ್ತನೆಯ ಕಲಮಿನ ಪ್ರಕಾರ ಕೇಂದ್ರ ಕಾಯ್ದೆಗಳಲ್ಲಿ 'ಫ್ರಂ' ಎಂಬ ಪದ ಅವಧಿಯ ಮೊದಲ ದಿನವನ್ನು ಹೊರಗಿಡುತ್ತದೆ, 'ಟು' ಎಂಬ ಪದ ಕೊನೆಯ ದಿನವನ್ನು ಸೇರಿಸಿಕೊಳ್ಳುತ್ತದೆ. ಗಡುವಿನ ಕೊನೆಯ ದಿನ ಯಾವುದು ಎಂಬ ಪ್ರಶ್ನೆಯ ಮೇಲೆ ದಂಡವೋ ಬಡ್ಡಿಯೋ ನಿರ್ಧಾರವಾಗುವಾಗ ಎರಡಕ್ಷರದ ಪದದ ಬೆಲೆ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಂತಾರಾಷ್ಟ್ರೀಯ ಬ್ಯಾಂಕಿಂಗ್ ರೂಢಿಯಲ್ಲಿ ದಾಖಲೆಯ ಯಾವುದೋ ಪದದ ಕಾಗುಣಿತ ತಪ್ಪಿದ್ದು ಅರ್ಥ ಕೆಡದಿದ್ದರೆ ಅದನ್ನು ದೋಷವೆಂದು ಎಣಿಸುವುದಿಲ್ಲ. 'ಮಷೀನ್' ಎಂಬ ಪದದ ಒಂದು ಅಕ್ಷರ ವ್ಯತ್ಯಾಸವಾದರೆ ಹಣ ತಡೆಹಿಡಿಯುವಂತಿಲ್ಲ. ಆದರೆ ಮಾದರಿ ಸಂಖ್ಯೆ 321ರ ಬದಲಿಗೆ 123 ಎಂದಾದರೆ ಅದು ದೋಷವೇ. ತರಗತಿಗಳಲ್ಲಿ ಮಾತ್ರ ಇದಕ್ಕೆ ವ್ಯತಿರಿಕ್ತವಾಗಿ ಕಾಗುಣಿತಕ್ಕೆ ಕೆಂಪು ಶಾಯಿ, ತಾರೀಖು ಮತ್ತು ಪ್ರಮಾಣಗಳನ್ನು ಹೇಳುವ ಪದಗಳಿಗೆ ಔದಾಸೀನ್ಯ ಎಂಬಂತಾಗಿದೆ.

'ಬೇಕು' ಎಂಬ ಒಂದೇ ಪದ

ಕನ್ನಡದ 'ಬೇಕು' ಬಹಳ ಕೆಲಸ ಮಾಡುವ ಪದ. ಆಸೆ, ಅಗತ್ಯ, ಸಲಹೆ, ಕಡ್ಡಾಯ ಈ ನಾಲ್ಕನ್ನೂ ಅದೊಂದೇ ಹೇಳುತ್ತದೆ. ಸಂದರ್ಭ ಮತ್ತು ದನಿಯಿಂದ ಅರ್ಥ ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದಗಳಿವೆ. 'ಖರೀದಿದಾರರು 30 ದಿನಗಳಲ್ಲಿ ಹಣ ಕೊಡಬೇಕು' ಎಂಬುದನ್ನು 'ಷುಡ್' ಬಳಸಿ ಬರೆದರೆ ಅದು ಸಲಹೆಯಂತೆ ಓದಿಸಿಕೊಳ್ಳುವ ಅಪಾಯವಿದೆ. 'ಷಲ್' ಅಥವಾ 'ಮಸ್ಟ್' ಬಳಸಿದರೆ ಕಡ್ಡಾಯ. 'ಮೇ' ಬಂದರೆ ಸಾಮಾನ್ಯವಾಗಿ ಕೇವಲ ಅವಕಾಶ. ಒಪ್ಪಂದದಲ್ಲಿ ಈ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದೆಂದರೆ ಹಕ್ಕನ್ನು ಕೋರಿಕೆಯನ್ನಾಗಿ ಮಾಡಿಕೊಂಡಂತೆ.

ಸರ್ವೋಚ್ಚ ನ್ಯಾಯಾಲಯವು ಜಗದೀಶ್ ಚಂದರ್ ವಿರುದ್ಧ ರಮೇಶ್ ಚಂದರ್ ಪ್ರಕರಣದಲ್ಲಿ 2007ರಲ್ಲಿ ನೀಡಿದ ತೀರ್ಪು ಈ ದೃಷ್ಟಿಯಿಂದ ಪ್ರತಿಯೊಬ್ಬ ಪಾಲುದಾರನೂ ತಿಳಿದಿರಬೇಕಾದುದು. ಪಾಲುದಾರಿಕೆ ಪತ್ರವೊಂದರಲ್ಲಿ, ವಿವಾದ ಬಂದಾಗ ಪಕ್ಷಗಾರರು ಹಾಗೆ ನಿರ್ಧರಿಸಿದರೆ ಅದನ್ನು ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು ಎಂಬ ಅರ್ಥದ ಷರತ್ತಿತ್ತು. 'ಷಲ್' ಎಂಬ ಕಡ್ಡಾಯ ಸೂಚಕ ಪದ ಅಲ್ಲಿ ಇದ್ದೇ ಇತ್ತು. ಆದರೂ 'ಹಾಗೆ ನಿರ್ಧರಿಸಿದರೆ' ಎಂಬ ಉಪವಾಕ್ಯದಿಂದಾಗಿ ಮತ್ತೊಮ್ಮೆ ಉಭಯ ಸಮ್ಮತಿ ಬೇಕಾಗುತ್ತದೆ, ಆದುದರಿಂದ ಅದು ಮಧ್ಯಸ್ಥಿಕೆಯ ಒಪ್ಪಂದವೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ಷರತ್ತನ್ನು ಸೂಚಿಸುವ 'ಇಫ್' ಎಂಬ ಪದದ ಬಲವೆಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ವ್ಯಾಕರಣ ಪುಸ್ತಕದಲ್ಲಿಯೂ ದೊರೆಯದು.

2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಹದಿನೈದನೆಯ ಕಲಮು, ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಸರಕು ಪಡೆದವರು ಲಿಖಿತವಾಗಿ ಒಪ್ಪಿದ ತಾರೀಖಿನೊಳಗೆ ಹಣ ಕೊಡಬೇಕೆಂದೂ ಆ ಅವಧಿ 45 ದಿನಗಳನ್ನು ಮೀರಬಾರದೆಂದೂ ವಿಧಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಸರಕಿನ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಸರಕು ಒಪ್ಪಿಗೆಯಾದಂತೆ ಎಣಿಕೆ. ಇಷ್ಟು ಬಲವಾದ ಕಾಯ್ದೆಯಿದ್ದರೂ ಹಣ ಕೇಳುವ ಪತ್ರದಲ್ಲಿ 'ಕೈಂಡ್ಲಿ ಡೂ ದ ನೀಡ್‌ಫುಲ್' ಎಂದಷ್ಟೇ ಬರೆದು ಸುಮ್ಮನಾಗುವವರು ಬಹಳ. ಯಾವ ಬಿಲ್ಲು, ಎಷ್ಟು ಹಣ, ಯಾವ ತಾರೀಖಿಗೆ ಸಂದಾಯವಾಗಬೇಕಿತ್ತು, ಎಷ್ಟು ದಿನ ತಡವಾಗಿದೆ ಎಂಬ ನಾಲ್ಕು ಸಂಗತಿಗಳನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಬರೆಯಲು ಬಂದರೆ ಆ ಪತ್ರವೇ ಮುಂದೆ ದಾಖಲೆಯಾಗಿ ನಿಲ್ಲುತ್ತದೆ.

ಕಾಲ, ವಿನಯ ಮತ್ತು 'ಹೌದು'

'ಕಳುಹಿಸುತ್ತೇವೆ' ಎಂಬ ಕ್ರಿಯಾರೂಪ ಕನ್ನಡದಲ್ಲಿ ವಾಡಿಕೆಯನ್ನೂ ಭವಿಷ್ಯವನ್ನೂ ಸೂಚಿಸುತ್ತದೆ. 'ಪ್ರತಿ ಸೋಮವಾರ ಕಳುಹಿಸುತ್ತೇವೆ', 'ನಾಳೆ ಕಳುಹಿಸುತ್ತೇವೆ' ಎರಡಕ್ಕೂ ರೂಪವೊಂದೇ. ಇಂಗ್ಲಿಷಿನಲ್ಲಿ 'ವಿ ಸೆಂಡ್', 'ವಿ ವಿಲ್ ಸೆಂಡ್' ಬೇರೆ ಬೇರೆ. ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಬರೆದರೆ ಸರಕು ಹೊರಡುವುದೋ ಇಲ್ಲವೋ ಎಂಬುದು ಓದುವವನಿಗೆ ತಿಳಿಯದು. ಭೂತಕಾಲದ ವಿಷಯದಲ್ಲಿ ಮಾತ್ರ ಕನ್ನಡಿಗನಿಗೆ ಅನುಕೂಲವಿದೆ. 'ಕಳುಹಿಸಿದೆವು', 'ಕಳುಹಿಸಿದ್ದೇವೆ', 'ಕಳುಹಿಸಿದ್ದೆವು' ಎಂಬ ಮೂರು ರೂಪಗಳ ಸೂಕ್ಷ್ಮ ಕನ್ನಡಿಗನ ನಾಲಿಗೆಯಲ್ಲಿಯೇ ಇದೆ. ಇಂಗ್ಲಿಷಿನ ಮೂರು ರೂಪಗಳನ್ನು ಇವುಗಳ ಪಕ್ಕದಲ್ಲಿಟ್ಟು ತೋರಿಸಿದರೆ ಒಂದು ಸಂಜೆಯಲ್ಲಿ ಹಿಡಿತಕ್ಕೆ ಬರುತ್ತದೆ. ಕನ್ನಡವನ್ನು ತರಗತಿಯಿಂದ ಹೊರಗಿಟ್ಟು ಇಂಗ್ಲಿಷ್ ಕಲಿಸುವ ಪದ್ಧತಿ ಈ ಆಸ್ತಿಯನ್ನು ವ್ಯರ್ಥ ಮಾಡುತ್ತದೆ.

ವಿನಯದ ವಿಷಯವೂ ಹೀಗೆಯೇ. 'ಹಣ ಕಳುಹಿಸಿ' ಎಂಬ ಕನ್ನಡ ವಾಕ್ಯದಲ್ಲಿ ಬಹುವಚನವೇ ಗೌರವವನ್ನು ತರುತ್ತದೆ. ಇಂಗ್ಲಿಷಿನ ವಿಧ್ಯರ್ಥಕ ರೂಪಕ್ಕೆ ಆ ಸೌಲಭ್ಯವಿಲ್ಲ. ನೇರ ಅನುವಾದ ಅಪ್ಪಣೆಯಂತೆ ಕೇಳಿಸುತ್ತದೆ. 'ಕುಡ್ ಯು', 'ವುಡ್ ಯು' ಎಂಬ ಪ್ರಶ್ನಾರೂಪಗಳು ಅಲ್ಲಿ ಗೌರವಸೂಚಕಗಳ ಕೆಲಸ ಮಾಡುತ್ತವೆ. ನಕ್ಷೆಯ ಬಗ್ಗೆ ವಿವರ ಬೇಕಾದಾಗ 'ವಿ ಹ್ಯಾವ್ ಎ ಡೌಟ್' ಎಂದು ಬರೆದರೆ ವಿದೇಶದ ಗಿರಾಕಿಗೆ ತನ್ನ ನಕ್ಷೆಯ ಮೇಲೆಯೇ ಸಂಶಯ ವ್ಯಕ್ತವಾದಂತೆ ಭಾಸವಾಗಬಹುದು. 'ಕ್ವೆಶ್ಚನ್' ಎಂದರೆ ಸಾಕು.

ದೂರವಾಣಿಯಲ್ಲಿ ಆಗುವ ಒಂದು ಎಡವಟ್ಟನ್ನೂ ಇಲ್ಲಿ ಹೇಳಬೇಕು. 'ಸರಕು ಇನ್ನೂ ಬಂದಿಲ್ಲವೇ?' ಎಂದು ಕೇಳಿದರೆ ಕನ್ನಡಿಗನು 'ಹೌದು, ಬಂದಿಲ್ಲ' ಎನ್ನುತ್ತಾನೆ; ಪ್ರಶ್ನೆಯ ಮಾತು ನಿಜವೆಂದು ಒಪ್ಪುವುದು ಆ 'ಹೌದಿ'ನ ಅರ್ಥ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗೆ 'ಯೆಸ್' ಎಂದರೆ ಸರಕು ಬಂದಿದೆ ಎಂದು ಅರ್ಥ. ಬಾರದಿದ್ದರೆ 'ನೋ' ಎನ್ನಬೇಕು. 'ಯೆಸ್' ಎಂದು ನಿಲ್ಲಿಸಿದ ಒಂದೇ ಪದದ ಉತ್ತರದಿಂದ ಲಾರಿ ಎಲ್ಲಿದೆ ಎಂಬ ಲೆಕ್ಕವೇ ತಪ್ಪಿಹೋದೀತು. ಪೂರ್ಣ ವಾಕ್ಯದಲ್ಲಿ ಉತ್ತರಿಸುವ ಅಭ್ಯಾಸ ಮಾಡಿಸುವುದೇ ಇದಕ್ಕೆ ಪರಿಹಾರ.

ಯಾವ ಪದಗಳು, ಎಷ್ಟು ಪದಗಳು?

ಇಂಗ್ಲಿಷ್ ಸಾಗರದಂತೆ ಎಂದು ಹೆದರುವವರು ಒಂದು ಸಂಗತಿಯನ್ನು ನೆನಪಿಡಬೇಕು. ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ, ಕಲಿಯುವವರಿಗೆ ಅತ್ಯಗತ್ಯವಾದ ಪದಗಳ ಪಟ್ಟಿಯಲ್ಲಿದ್ದುದು ಸುಮಾರು 2000 ಪದಗಳು. 2013ರಲ್ಲಿ ಅದನ್ನು ಪರಿಷ್ಕರಿಸಿ ಬಂದ ಹೊಸ ಪಟ್ಟಿಯಲ್ಲಿಯೂ ಸುಮಾರು 2800 ಪದಗಳಷ್ಟೇ ಇವೆ. ಇದಕ್ಕೆ ಆಯಾ ಕಸುಬಿನ ಇನ್ನೂರು ಮುನ್ನೂರು ಪದಗಳನ್ನು ಸೇರಿಸಿಕೊಂಡರೆ ನಿತ್ಯದ ವ್ಯವಹಾರಕ್ಕೆ ಧಾರಾಳವಾಯಿತು.

ಕಸುಬಿನ ಪದಗಳಂತೂ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಬಂದಿರುತ್ತವೆ. ಎಂದೂ ಇಂಗ್ಲಿಷ್ ಓದದ ಕಾರ್ಮಿಕನೂ ಲೇತು, ಡ್ರಿಲ್ಲು, ಗೇಜು, ಬೋಲ್ಟು, ಪ್ಯಾಟರ್ನು, ಕಾಸ್ಟಿಂಗು, ರಿಜೆಕ್ಷನ್ ಎಂಬ ಪದಗಳನ್ನು ದಿನವೂ ಆಡುತ್ತಾನೆ. ಗೋಡಂಬಿ ಕಾರ್ಖಾನೆಯಲ್ಲಿ 'ಡಬ್ಲ್ಯೂ 320' ಎಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ಬೀಜಗಳು ತೂಗುವ ದರ್ಜೆಯೆಂದು ವಿಂಗಡಿಸುವ ಮಹಿಳೆಗೆ ಕಣ್ಣಳತೆಯಿಂದಲೇ ಗೊತ್ತು. ಇವರಿಗೆ ಕೊರತೆಯಿರುವುದು ವಸ್ತುಗಳ ಹೆಸರಿನಲ್ಲಲ್ಲ, ಕ್ರಿಯಾಪದಗಳಲ್ಲಿ. ಬಿರುಕು ಬಿಟ್ಟಿದೆ, ಸೋರುತ್ತಿದೆ, ಬಾಗಿದೆ, ಸಡಿಲವಾಗಿದೆ, ಬಿಗಿ ಮಾಡಬೇಕು, ಬದಲಿಸಬೇಕು, ಹಿಂದಿರುಗಿಸಿದ್ದೇವೆ ಎಂಬ ಮಾತುಗಳು ಬಂದರೆ ಯಂತ್ರದ ಪಕ್ಕದಲ್ಲಿ ನಿಂತವನೇ ಗಿರಾಕಿಯ ಎಂಜಿನಿಯರನೊಂದಿಗೆ ಮಾತನಾಡಬಲ್ಲ. ಕನ್ನಡದ 'ಹಾಕು' ಎಂಬ ಸರ್ವೋಪಯೋಗಿ ಕ್ರಿಯಾಪದ ಸಹಿಗೂ ಬೀಗಕ್ಕೂ ಎಣ್ಣೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಪುಟ್' ಸಲ್ಲದು ಎಂಬುದನ್ನು ಉದಾಹರಣೆಗಳಿಂದಲೇ ಕಲಿಸಬೇಕು.

ಅಂಕಿಗಳೂ ಪದಸಂಪತ್ತಿನ ಭಾಗವೇ. ಹತ್ತು ಲಕ್ಷವನ್ನು 10,00,000 ಎಂದು ಬರೆಯುವುದು ಇಲ್ಲಿನ ರೂಢಿ. ಹೊರದೇಶಗಳಲ್ಲಿ ಅದು 1,000,000. ಜರ್ಮನಿಯ ನಕ್ಷೆಯಲ್ಲಿ 1,250 ಎಂದಿದ್ದರೆ ಅಲ್ಲಿನ ಅಲ್ಪವಿರಾಮ ದಶಮಾಂಶದ ಗುರುತಾಗಿರುವುದರಿಂದ ಅದು ಒಂದೂಕಾಲು. 05/06 ಎಂಬ ತಾರೀಖು ಇಲ್ಲಿ ಜೂನ್ 5, ಅಮೆರಿಕದಲ್ಲಿ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವ ಅಭ್ಯಾಸವೊಂದೇ ಎಷ್ಟೋ ತಂಟೆಗಳನ್ನು ತಪ್ಪಿಸುತ್ತದೆ.

ಮೂರು ಆಕ್ಷೇಪಗಳು

ಯಂತ್ರಾನುವಾದ ಇರುವಾಗ ಕಲಿಯುವ ಶ್ರಮವೇಕೆ ಎಂಬುದು ಮೊದಲ ಆಕ್ಷೇಪ. ಗೂಗಲ್‌ನ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ; ಕೇಂದ್ರ ಸರ್ಕಾರದ ಭಾಷಿಣಿ 2022ರಲ್ಲಿ ಬಂತು. ಈಚಿನ ವರ್ಷಗಳಲ್ಲಿ ಇಂತಹ ಸಾಧನಗಳು ಬಹಳ ಸುಧಾರಿಸಿವೆ, ಅವುಗಳನ್ನು ಬಳಸದಿರುವುದು ಜಾಣತನವಲ್ಲ. ಆದರೆ ಯಂತ್ರ ಅನುವಾದಿಸಿದ ಪತ್ರಕ್ಕೂ ಸಹಿ ಮನುಷ್ಯನದೇ. 'ಬೇಕು' ಎಂಬುದು ಸಲಹೆಯೋ ಕಡ್ಡಾಯವೋ ಎಂಬುದನ್ನು ಬರೆದವನೇ ಸ್ಪಷ್ಟಪಡಿಸದಿದ್ದರೆ ಯಂತ್ರವು ಊಹಿಸಿ ಯಾವುದೋ ಒಂದನ್ನು ಆರಿಸುತ್ತದೆ. ಆ ಆಯ್ಕೆ ಸರಿಯೇ ಎಂದು ನೋಡುವಷ್ಟು ಇಂಗ್ಲಿಷ್ ಸಹಿ ಹಾಕುವವನಿಗೆ ಬೇಕು. ತೂಕದ ಯಂತ್ರವನ್ನು ನಂಬುವ ವರ್ತಕನೂ ಅದರ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಒಮ್ಮೆ ನೋಡದೆ ಬಿಡುವುದಿಲ್ಲ.

ಎರಡನೆಯದು ಕನ್ನಡಾಭಿಮಾನದ ಆಕ್ಷೇಪ. ಕನ್ನಡ ನಾಡಿನಲ್ಲಿ ವ್ಯವಹಾರ ಕನ್ನಡದಲ್ಲಿಯೇ ನಡೆಯಲಿ ಎಂಬ ಆಶಯ ನ್ಯಾಯವಾದುದು. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಆದ ಕಾಯ್ದೆ ತಿದ್ದುಪಡಿ ಆ ದಿಕ್ಕಿನದು. ಬ್ಯಾಂಕಿನ, ವಿಮೆಯ, ಇಲಾಖೆಗಳ ಕಾಗದಗಳನ್ನು ಕನ್ನಡದಲ್ಲಿ ಕೊಡಬೇಕೆಂಬ ಒತ್ತಾಯವನ್ನೂ ವಾಣಿಜ್ಯ ಸಂಸ್ಥೆಗಳು ಬಿಡಬಾರದು. ಆದರೆ ಹೊರನಾಡಿನ ಗಿರಾಕಿಯ ಪತ್ರ ಕನ್ನಡದಲ್ಲಿ ಬರುವುದಿಲ್ಲ. ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರು ಇಲ್ಲಿನ ಭಾಷೆಯನ್ನು ವ್ಯಾಕರಣ ಸಮೇತ ಕಲಿತರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದವರೂ ಅವರೇ, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಅಚ್ಚು ಮಾಡಿದವರೂ ಅವರೇ. ಕನ್ನಡ ಕಲಿತುದರಿಂದ ಅವರ ಜರ್ಮನ್ ಮರೆಯಾಗಲಿಲ್ಲ. ಕೆಲಸಕ್ಕೆ ಬೇಕಾದ ಭಾಷೆಯನ್ನು ಕ್ರಮವಾಗಿ ಕಲಿಯುವುದಕ್ಕೂ ಸ್ವಭಾಷೆಯ ಅಭಿಮಾನಕ್ಕೂ ವಿರೋಧವಿಲ್ಲ.

ಮೂರನೆಯ ಆಕ್ಷೇಪ ಬಹಿರಂಗವಾಗಿ ಕೇಳಿಸುವುದು ಕಡಿಮೆ, ಮಾಲೀಕರ ಮನಸ್ಸಿನಲ್ಲಿರುವುದು ಹೆಚ್ಚು: ಇಂಗ್ಲಿಷ್ ಕಲಿಸಿದರೆ ಕೆಲಸಗಾರ ದೊಡ್ಡ ಕಂಪನಿಗೆ ಹೊರಟುಹೋಗುತ್ತಾನೆ ಎಂಬ ಭಯ. ಕೆಲವರು ಹೋಗುತ್ತಾರೆ ಎಂಬುದು ನಿಜ. ಆದರೆ ಕಲಿಯದೆ ಉಳಿದವನಿಂದಾಗುವ ನಷ್ಟವನ್ನೂ ಲೆಕ್ಕದ ಇನ್ನೊಂದು ಬದಿಯಲ್ಲಿ ಬರೆಯಬೇಕು. ಕೈಚಳಕದಲ್ಲಿ ಎಲ್ಲರಿಗಿಂತ ಮುಂದಿದ್ದರೂ ಇನ್‌ಸ್ಪೆಕ್ಷನ್ ವರದಿ ತುಂಬಲು ಬಾರದೆ ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತಿರುವ ಕುಶಲ ಕಾರ್ಮಿಕನನ್ನು ಯಾವ ಕೈಗಾರಿಕಾ ಪ್ರದೇಶದಲ್ಲಿಯೂ ಕಾಣಬಹುದು. ಅವನನ್ನು ಸೂಪರ್‌ವೈಸರ್ ಮಾಡಲಾಗದೆ ಹೊರಗಿನಿಂದ ಅನುಭವವಿಲ್ಲದವರನ್ನು ತರುವ ಮಾಲೀಕ ಎರಡು ಬಗೆಯಲ್ಲಿ ನಷ್ಟ ಅನುಭವಿಸುತ್ತಾನೆ. ಬಡ್ತಿಯ ದಾರಿ ತೆರೆದಿರುವ ಕಡೆ ಕೆಲಸಗಾರ ನಿಲ್ಲುವ ಸಂಭವವೂ ಹೆಚ್ಚು.

ವಾಣಿಜ್ಯ ಸಂಸ್ಥೆಗಳು ಮಾಡಬಹುದಾದುದು

ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದ ಕಾಲದಿಂದಲೂ ವರ್ತಕರಿಗೆ ತಿಳಿವಳಿಕೆ ಒದಗಿಸುವುದು ಇಂತಹ ಸಂಸ್ಥೆಗಳ ಕರ್ತವ್ಯಗಳಲ್ಲೊಂದಾಗಿದೆ. ಜಿಎಸ್‌ಟಿ 2017ರಲ್ಲಿ ಜಾರಿಗೆ ಬಂದಾಗ ಊರೂರಿನ ಸಂಸ್ಥೆಗಳು ಕಾರ್ಯಾಗಾರ ನಡೆಸಿ ಸದಸ್ಯರಿಗೆ ನೆರವಾದವು. ಭಾಷೆಯ ವಿಷಯದಲ್ಲಿಯೂ ಅಂತಹುದೇ ಪ್ರಯತ್ನ ಸಾಧ್ಯ. ಒಂದು ದಿನದ ಕಾರ್ಯಾಗಾರ ಮಾತ್ರ ಸಾಲದು.

ವಾರಕ್ಕೆ ಎರಡು ಸಂಜೆ, ತಲಾ ಒಂದೂವರೆ ಗಂಟೆ, ಮೂರು ತಿಂಗಳು ಎಂಬ ಅಳತೆ ದುಡಿಯುವವರಿಗೆ ನಿಭಾಯಿಸುವಂಥದು. ಮೊದಲ ತಿಂಗಳು ತಾರೀಖು, ಅಂಕಿ, ಅಳತೆ, ಕಾಲರೂಪಗಳು ಹಾಗೂ ನಿತ್ಯದ ಕ್ರಿಯಾಪದಗಳು. ಎರಡನೆಯ ತಿಂಗಳು ದೂರವಾಣಿ ಸಂಭಾಷಣೆ ಮತ್ತು ಸಣ್ಣ ಪತ್ರಗಳು. ಮೂರನೆಯ ತಿಂಗಳು ಪರ್ಚೇಸ್ ಆರ್ಡರ್, ವಿಮೆ, ಸಾಲಪತ್ರಗಳ ಷರತ್ತುಗಳ ಓದು. ಪಠ್ಯಪುಸ್ತಕಕ್ಕೆ ಬದಲಾಗಿ ಸದಸ್ಯರೇ ತಂದುಕೊಟ್ಟ, ಹೆಸರು ಹಾಗೂ ಬೆಲೆಗಳನ್ನು ಅಳಿಸಿದ ನಿಜವಾದ ಪತ್ರಗಳು ಪಾಠವಾಗಲಿ. ಭಾಷೆ ಕಲಿಸುವ ಅಧ್ಯಾಪಕರ ಜೊತೆಗೆ ಬ್ಯಾಂಕಿನ ನಿವೃತ್ತ ಅಧಿಕಾರಿ, ವಕೀಲ, ರಫ್ತು ವ್ಯವಹಾರ ಬಲ್ಲವರು ಒಂದೊಂದು ಸಂಜೆ ಬರಲಿ. ವಿವರಣೆಯ ಭಾಷೆ ಕನ್ನಡವೇ ಆಗಿರಲಿ. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹ, ಶಿಕ್ಷಕರಿಗೆ ತರಬೇತಿ ನೀಡುವ ಸಂಸ್ಥೆಗಳ ಸಲಹೆಯನ್ನು ಪಠ್ಯಕ್ರಮ ರೂಪಿಸುವಾಗ ಕೋರಬಹುದು.

ಮಾಲೀಕರಿಗೆ ಮತ್ತು ಸಿಬ್ಬಂದಿಗೆ ಆರಂಭದಲ್ಲಿ ಪ್ರತ್ಯೇಕ ತಂಡಗಳಿರುವುದು ಒಳ್ಳೆಯದು. ತನ್ನ ಗುಮಾಸ್ತನ ಎದುರಿಗೆ ತಪ್ಪು ಓದಲು ಮಾಲೀಕ ಅಂಜುತ್ತಾನೆ, ಮಾಲೀಕನ ಎದುರಿಗೆ ಬಾಯಿ ತೆರೆಯಲು ಗುಮಾಸ್ತ ಅಂಜುತ್ತಾನೆ. ಮಹಿಳಾ ಸಿಬ್ಬಂದಿ ಹೆಚ್ಚಿರುವ ಗಾರ್ಮೆಂಟ್ಸ್, ಗೋಡಂಬಿ ಘಟಕಗಳಲ್ಲಿ ಸಂಜೆಯ ಬದಲು ಕೆಲಸದ ವೇಳೆಯಲ್ಲಿಯೇ ಅರ್ಧ ಗಂಟೆ ಮೀಸಲಿಟ್ಟರೆ ಮಾತ್ರ ತರಗತಿ ಫಲಕಾರಿಯಾದೀತು. ಕೊನೆಯಲ್ಲಿ ಪ್ರಮಾಣಪತ್ರ ಹಂಚುವ ಸಮಾರಂಭಕ್ಕಿಂತ ಒಂದು ಸರಳ ಪರೀಕ್ಷೆ ಮುಖ್ಯ: ಬಾಕಿ ಹಣ ಕೇಳುವ ಒಂದು ಪತ್ರ ಬರೆಯುವುದು, ಒಂದು ಪರ್ಚೇಸ್ ಆರ್ಡರ್ ಓದಿ ಅದರಲ್ಲಿ ತನಗೆ ಪ್ರತಿಕೂಲವಾದ ಷರತ್ತುಗಳನ್ನು ಗುರುತಿಸುವುದು.

ಇಷ್ಟನ್ನು ಸಾಧಿಸಿದವನ ಉಚ್ಚಾರಣೆ ಹೇಗಾದರೂ ಇರಲಿ, ಅವನು ವ್ಯವಹಾರದ ಇಂಗ್ಲಿಷ್ ಕಲಿತವನೇ ಸರಿ. ಬಿಲ್ಲಿನ ಪ್ರತಿ ಅಂಕಿಯನ್ನು ಎರಡು ಸಲ ಕೂಡಿ ನೋಡುವ ವರ್ತಕ ತಾನು ಸಹಿ ಹಾಕುವ ವಾಕ್ಯವನ್ನೂ ಎರಡು ಸಲ ಓದುವಂತಾಗಬೇಕು. ವಾಣಿಜ್ಯ ಸಂಸ್ಥೆಗಳು ತಮ್ಮ ಮುಂದಿನ ವರ್ಷದ ಕಾರ್ಯಕ್ರಮಗಳನ್ನು ರೂಪಿಸುವಾಗ ಇದಕ್ಕೊಂದು ಸ್ಥಾನ ಕೊಡುವುದು ಉಚಿತ.